ಎಂಟನೇ ತರಗತಿಗೆ ನಿಂತುಹೋಗುವ ಊಟ: ಪ್ರಯೋಗಾಲಯದ ಇಲಿಯಿಂದ ನಾವು ಕಲಿಯಬೇಕಾದದ್ದು

ದೀಪಾವಳಿ ಸೂಟಿ ಮುಗಿದು ಎರಡನೇ ಸತ್ರ ಶುರುವಾದ ಮೇಲಿನ ಮಾತು. ಒಂಬತ್ತನೇ ತರಗತಿಯ ಒಬ್ಬ ಹುಡುಗ ಮುಂಜಾನೆಯ ತಾಸಿನಲ್ಲಿ ಕೇಳಿದ್ದಕ್ಕೆ ಹೇಗೋ ಉತ್ತರ ಕೊಡುತ್ತಿದ್ದ. ಮಧ್ಯಾಹ್ನದ ಬಿಡುವಿನ ನಂತರದ ತಾಸಿನಲ್ಲಿ ಮಾತ್ರ ಏನು ಹೇಳಿದರೂ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಿನ ದಿನ ಬರೆಸಿದ್ದನ್ನು ಮರುದಿನ ಕೇಳಿದರೆ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ. ಎಂಟನೇ ತರಗತಿಯಲ್ಲಿ ನಾನೇ ಕಲಿಸಿದ ಹುಡುಗ ಅವನು, ಆಗ ಹೀಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು, "ಹುಡುಗ ಹಾಳಾದ ನೋಡ್ರಿ, ಮೊಬೈಲ್ ಹಿಡಿದಿರಬೇಕು" ಅಂತ ನಾನು ಹೇಳಿಯೂ ಬಿಟ್ಟೆ.

ಒಂದು ದಿನ ಬಿಡುವಿನಲ್ಲಿ ಅವನು ನೀರಿನ ಟಾಕಿಯ ಹತ್ತಿರ ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ ಹಿಡಿದು ನಿಂತಿದ್ದ.

"ಡಬ್ಬಿ ತಂದಿಲ್ಲೇನೋ?"

"ಅವ್ವ ಅಪ್ಪ ಕಬ್ಬಿಗೆ ಹೋಗ್ಯಾರ್ರಿ ಸರ್. ಮನ್ಯಾಗ ಆಯಿ ಒಬ್ಬಾಕಿನ ಅದಾಳ. ಮುಂಜಾನೆ ಚಾ ಕುಡದು ಬಂದೀನ್ರಿ."

"ಹೋದ ವರ್ಷ ಏನ್ ಮಾಡ್ತಿದ್ದಿ?"

"ಹೋದ ವರ್ಷ ಖಿಚಡಿ ಇತ್ತಲ್ರಿ. ಈಗ ನಮಗ ಇಲ್ಲ."

ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದ ಪಡಸಾಲೆಯಲ್ಲಿ ಎಂಟನೇ ತರಗತಿಯ ಮಕ್ಕಳು ಸಾಲಾಗಿ ಕೂತು ಖಿಚಡಿ ಉಣ್ಣುತ್ತಿದ್ದರು. ಒಂದೇ ಕಾಂಪೌಂಡು, ಒಂದೇ ಒಲೆ. ವಯಸ್ಸಿನಲ್ಲಿ ಒಂದೇ ವರ್ಷದ ಅಂತರ.

ಜತ್, ಅಕ್ಕಲಕೋಟ ಭಾಗದಲ್ಲಿ ಕೆಲಸ ಮಾಡುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮಳೆ ಕೈಕೊಟ್ಟ ಊರುಗಳಿಂದ ಟೋಳಿ ಕಟ್ಟಿಕೊಂಡು ಮುಕಾದಮನ ಹಿಂದೆ ಕಬ್ಬು ಕಡಿಯಲು ಹೋಗುವವರ ಮಕ್ಕಳೇ ನಮ್ಮ ಕನ್ನಡ ಶಾಲೆಗಳ ಬೆಂಚಿನ ಮೇಲೆ ಕೂತಿರುತ್ತಾರೆ. ಆದರೆ ನಾನು ವಿಜ್ಞಾನದ ಮಾಸ್ತರ. ಮರುಕ ಪಟ್ಟು ಸುಮ್ಮನಾಗುವ ಬದಲು ಸಾಕ್ಷಿ ಏನಿದೆ ನೋಡೋಣ ಅನ್ನಿಸಿತು. ಊಟ ಬದಲಾದರೆ ಕಲಿಕೆ ಮತ್ತು ನೆನಪು ಬದಲಾಗುತ್ತವೆಯೇ? ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಬಿಗಿಯಾಗಿ ಪರೀಕ್ಷಿಸಿರುವುದು ಮಕ್ಕಳಲ್ಲಿ ಅಲ್ಲ, ಪ್ರಯೋಗಾಲಯದ ಬಿಳಿ ಇಲಿಗಳಲ್ಲಿ. ಕಾರಣ ಸರಳ. ಮಕ್ಕಳನ್ನು ಎರಡು ಗುಂಪು ಮಾಡಿ ಒಂದು ಗುಂಪನ್ನು ಬೇಕೆಂದೇ ಹಸಿವಿನಲ್ಲಿ ಇಡಲು ಯಾರಿಗೂ ಹಕ್ಕಿಲ್ಲ. ಇಲಿಗಳ ವಿಷಯದಲ್ಲಿ ಅಂಥ ಪ್ರಯೋಗಗಳು ನೂರು ವರ್ಷದಿಂದ ನಡೆದಿವೆ. ಅವುಗಳನ್ನು ಓದಿದ ಮೇಲೆ ನನಗೆ ತೋಚಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಸಿದ ಇಲಿ ಚುರುಕಾಗಿ ಓಡುತ್ತದೆ, ಹಾಗಾದರೆ?

ನಾನು ಈ ವಿಷಯ ತೆಗೆದಾಗ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕು, "ಹೊಟ್ಟಿ ತುಂಬಿದರ ನಿದ್ದಿ ಬರ್ತದ ಸರ್. ಹಸದವನ ಕಲೀತಾನ. ನಾವೂ ಹಂಗ ಕಲಿತು ಬಂದೀವಿ" ಅಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಇಲಿಗಳ ಪ್ರಯೋಗದಲ್ಲೂ ಮೊದಲು ಎದ್ದ ತೊಡಕು ಇದೇ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದ ವಿಲ್ಲರ್ಡ್ ಸ್ಮಾಲ್ ಎಂಬವರು ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟದಲ್ಲಿರುವ ಚಕ್ರವ್ಯೂಹದ ಮಾದರಿಯಲ್ಲಿ ಇಲಿಗಳಿಗೊಂದು ಜಟಿಲ ದಾರಿ ಮಾಡಿದರು. ಸರಿಯಾದ ದಾರಿ ಹಿಡಿದ ಇಲಿಗೆ ಕೊನೆಯಲ್ಲಿ ತಿನಿಸು ಸಿಗುತ್ತಿತ್ತು. ಮುಂದೆ ಎಷ್ಟೋ ಪ್ರಯೋಗಾಲಯಗಳಲ್ಲಿ ಇದೇ ಪದ್ಧತಿ ನಡೆಯಿತು. ತಿನಿಸು ಬಹುಮಾನವಾದ ಮೇಲೆ ಇಲಿಗೆ ಹಸಿವು ಇರಲೇಬೇಕು. ಹಾಗಾಗಿ ಪ್ರಯೋಗಕ್ಕೆ ಮೊದಲು ಇಲಿಯ ಆಹಾರ ಕಡಿಮೆ ಮಾಡುವುದು ರೂಢಿ. ಹಸಿದ ಇಲಿ ಜೋರಾಗಿ ಓಡುತ್ತದೆ, ಹೊಟ್ಟೆ ತುಂಬಿದ್ದು ಮೂಲೆಯಲ್ಲಿ ಮೈ ನೆಕ್ಕುತ್ತ ಕೂಡುತ್ತದೆ.

ಆದರೆ ಓಡಿದ್ದು ನೆನಪಿನಿಂದಲೋ, ತಿನ್ನುವ ಆಸೆಯಿಂದಲೋ? ಆಹಾರ ಮತ್ತು ನೆನಪಿನ ಸಂಬಂಧವನ್ನು ಆಹಾರವನ್ನೇ ಬಹುಮಾನವಾಗಿಟ್ಟು ಅಳೆಯಹೊರಟರೆ ಎರಡೂ ಕಲಸಿಹೋಗುತ್ತವೆ. ನಮ್ಮ ಸಹೋದ್ಯೋಗಿಯ ಮಾತಿನಲ್ಲಿ ಇರುವುದೂ ಇದೇ ಕಲಬೆರಕೆ. ಹಸಿವು ಆಹಾರದ ಕಡೆಗೆ ಓಡಿಸುತ್ತದೆ, ನಿಜ. ಬೀಜಗಣಿತದ ಕಡೆಗೂ ಓಡಿಸುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ.

ಈ ತೊಡಕನ್ನು ಬಿಡಿಸಿದ ಒಂದು ಉಪಾಯವನ್ನು 1981ರಲ್ಲಿ ಬ್ರಿಟನ್ನಿನ ರಿಚರ್ಡ್ ಮಾರಿಸ್ ಪ್ರಕಟಿಸಿದರು. ದುಂಡನೆಯ ದೊಡ್ಡ ನೀರಿನ ತೊಟ್ಟಿ. ನೀರಿಗೆ ಹಾಲು ಬೆರೆಸಿ ತಳ ಕಾಣದಂತೆ ಮಾಡುತ್ತಾರೆ. ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಒಂದು ಪುಟ್ಟ ಕಟ್ಟೆ ಅಡಗಿರುತ್ತದೆ. ಇಲಿ ಚೆನ್ನಾಗಿ ಈಜುತ್ತದೆ, ಆದರೆ ನೀರಲ್ಲಿ ಇರಲು ಅದಕ್ಕೆ ಮನಸ್ಸಿಲ್ಲ. ಮೊದಲ ದಿನ ಸುತ್ತಿ ಸುತ್ತಿ ಹೇಗೋ ಕಟ್ಟೆ ಸಿಗುತ್ತದೆ. ಮುಂದಿನ ದಿನಗಳಲ್ಲಿ ಕೋಣೆಯ ಗೋಡೆ, ಬಾಗಿಲು, ದೀಪಗಳ ಗುರುತು ಹಿಡಿದು ನೇರವಾಗಿ ಅಲ್ಲಿಗೇ ಈಜುತ್ತದೆ. ಕೊನೆಗೆ ಒಂದು ದಿನ ಕಟ್ಟೆಯನ್ನೇ ತೆಗೆದುಬಿಡುತ್ತಾರೆ. ನೆನಪಿರುವ ಇಲಿ ಕಟ್ಟೆ ಇದ್ದ ಜಾಗದಲ್ಲೇ ಹೆಚ್ಚು ಹೊತ್ತು ಹುಡುಕುತ್ತದೆ, ನೆನಪಿಲ್ಲದ್ದು ತೊಟ್ಟಿಯ ತುಂಬ ಅಲೆಯುತ್ತದೆ. ಇಲ್ಲಿ ತಿನಿಸಿನ ಬಹುಮಾನವೇ ಇಲ್ಲ. ಹಸಿದದ್ದಕ್ಕೂ ಉಂಡದ್ದಕ್ಕೂ ನೀರಿನಿಂದ ಹೊರಬರುವ ಆಸೆ ಇದ್ದೇ ಇರುತ್ತದೆ. ಹೀಗಾಗಿ ಬೇರೆ ಬೇರೆ ಆಹಾರ ತಿಂದ ಇಲಿಗಳನ್ನು ಹೋಲಿಸಲು ಇದು ಅನುಕೂಲ.

ಮೂರು ಬಗೆಯ ಪ್ರಯೋಗ

ಮೊದಲನೆಯದು ಹೊಟ್ಟೆಗೆ ಸಾಲದಿರುವುದರ ಬಗ್ಗೆ. 1966ರಲ್ಲಿ ಮೈರನ್ ವಿನಿಕ್ ಮತ್ತು ಅಡೆಲ್ ನೋಬಲ್ ಎಂಬ ಅಮೆರಿಕದ ಸಂಶೋಧಕರು ಬೇರೆ ಬೇರೆ ವಯಸ್ಸಿನ ಇಲಿಗಳಿಗೆ ಕೆಲವು ವಾರ ಕಡಿಮೆ ಆಹಾರ ಕೊಟ್ಟು, ಆಮೇಲೆ ಹೊಟ್ಟೆ ತುಂಬ ಕೊಟ್ಟು ನೋಡಿದರು. ಮೆದುಳಿನ ಜೀವಕೋಶಗಳನ್ನು ಒಂದೊಂದಾಗಿ ಎಣಿಸಲಾಗದು. ಪ್ರತಿ ಕೋಶದಲ್ಲಿ ಡಿ.ಎನ್.ಎ. ಪ್ರಮಾಣ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಟ್ಟು ಡಿ.ಎನ್.ಎ. ಅಳೆದರೆ ಕೋಶಗಳ ಸಂಖ್ಯೆ ಸಿಗುತ್ತದೆ ಎಂಬುದು ಅವರ ಲೆಕ್ಕ. ಹುಟ್ಟಿದ ಮೊದಲ 21 ದಿನ ಹಸಿದ ಮರಿಗಳ ಮೆದುಳಿನಲ್ಲಿ ಕೋಶಗಳ ಸಂಖ್ಯೆಯೇ ಕಡಿಮೆಯಾಯಿತು. ಮುಂದೆ ಎಷ್ಟು ಉಣಿಸಿದರೂ ಅದು ತುಂಬಿಬರಲಿಲ್ಲ. ಬೆಳೆದ ಮೇಲೆ ಹಸಿದ ಇಲಿಗಳಲ್ಲಿ ಕೋಶಗಳ ಗಾತ್ರ ಕುಗ್ಗಿತು, ಸಂಖ್ಯೆ ಕುಗ್ಗಲಿಲ್ಲ. ಮತ್ತೆ ಆಹಾರ ಕೊಟ್ಟಾಗ ಗಾತ್ರ ಸರಿಹೋಯಿತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಹೊಟ್ಟೆ ತುಂಬಿದರೂ ತಪ್ಪಾಗಿ ತುಂಬುವುದರ ಬಗ್ಗೆ. 2002ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯ ಫರ್ನಾಂಡೊ ಗೋಮೆಜ್ ಪಿನಿಯಾ ಅವರ ತಂಡ ಇಲಿಗಳಿಗೆ ಕೊಬ್ಬು ಮತ್ತು ಬಿಳಿ ಸಕ್ಕರೆ ಹೆಚ್ಚಿರುವ ಆಹಾರ ಕೊಟ್ಟಿತು. ಎರಡು ತಿಂಗಳಲ್ಲಿ ಆ ಇಲಿಗಳು ನೀರಿನ ತೊಟ್ಟಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದವು. ಅವುಗಳ ಹಿಪೊಕ್ಯಾಂಪಸ್‌ನಲ್ಲಿ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನ್ ಕಡಿಮೆಯಾಗಿತ್ತು. ಹಿಪೊಕ್ಯಾಂಪಸ್ ಅಂದರೆ ಮೆದುಳಿನ ಒಳಮಗ್ಗುಲಲ್ಲಿರುವ, ಹೊಸ ನೆನಪು ಮೂಡಲು ಬೇಕಾದ ಭಾಗ. ಬಿ.ಡಿ.ಎನ್.ಎಫ್. ನರಕೋಶಗಳ ನಡುವಿನ ಕೊಂಡಿಗಳು ಬೆಳೆಯಲು, ಗಟ್ಟಿಯಾಗಲು ನೆರವಾಗುವ ವಸ್ತು. ಕಲಿಯುವುದು ಎಂದರೆ ಆ ಕೊಂಡಿಗಳು ಬದಲಾಗುವುದು. ಆದ್ದರಿಂದ ತಿಂದದ್ದು ನೆನಪನ್ನು ಹೇಗೆ ಮುಟ್ಟುತ್ತದೆ ಎಂಬುದಕ್ಕೆ ಇಲ್ಲಿ ಒಂದು ದಾರಿಯಾದರೂ ಕಾಣುತ್ತದೆ.

ವಯಸ್ಸಿನ ವಿಷಯದಲ್ಲಿ 2015ರ ಇನ್ನೊಂದು ಪ್ರಯೋಗ ನಮ್ಮಂಥ ಹೈಸ್ಕೂಲ್ ಮಾಸ್ತರರು ಓದಲೇಬೇಕಾದದ್ದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಕಾಟ್ ಕನೋಸ್ಕಿ ತಂಡದವರು ಹರೆಯದ ಇಲಿಗಳಿಗೂ ವಯಸ್ಕ ಇಲಿಗಳಿಗೂ ಒಂದು ತಿಂಗಳು ಶೇಕಡಾ 11ರ ಸಿಹಿ ನೀರು ಕುಡಿಯಲು ಇಟ್ಟರು. ಅಂಗಡಿಯ ತಂಪು ಪಾನೀಯದಲ್ಲಿ ಇರುವಷ್ಟೇ ಸಿಹಿ ಅದು. ಗೋವಿನಜೋಳದಿಂದ ಮಾಡಿದ, ಫ್ರಕ್ಟೋಸ್ ಹೆಚ್ಚಿರುವ ಸಿಹಿಪಾಕದ ನೀರು ಕುಡಿದ ಹರೆಯದ ಇಲಿಗಳು ಜಾಗ ನೆನಪಿಡುವ ಪರೀಕ್ಷೆಯಲ್ಲಿ ಸೋತವು. ಅದನ್ನೇ ಕುಡಿದ ವಯಸ್ಕ ಇಲಿಗಳಲ್ಲಿ ಆ ಸೋಲು ಕಾಣಲಿಲ್ಲ.

ಮೂರನೆಯದು ಕಬ್ಬಿಣದ ಬಗ್ಗೆ. 1996ರಲ್ಲಿ ಬಾರ್ಬರಾ ಫೆಲ್ಟ್ ಮತ್ತು ಬೆಟ್ಸಿ ಲೋಝಾಫ್ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಹಾಲು ಕುಡಿಯುವಾಗ ಕಬ್ಬಿಣದ ಕೊರತೆ ಅನುಭವಿಸಿದ ಇಲಿಮರಿಗಳಿಗೆ ಮುಂದೆ ಕಬ್ಬಿಣ ಕೊಟ್ಟರು. ರಕ್ತಹೀನತೆ ಗುಣವಾಯಿತು. ಆದರೆ ಮೆದುಳಿನ ಕಬ್ಬಿಣವೂ ನಡವಳಿಕೆಯೂ ಪೂರ್ತಿ ಸರಿಹೋಗಲಿಲ್ಲ.

ಇಲಿ ಹೇಳದ ಮಾತನ್ನು ಅದರ ಬಾಯಲ್ಲಿ ಹಾಕಬಾರದು

ಇಷ್ಟು ಓದಿದ ಕೂಡಲೇ ಹಾರಿ ತೀರ್ಮಾನಕ್ಕೆ ಬರುವ ಅಪಾಯವಿದೆ. ನನಗೂ ಬಂದಿತ್ತು.

ಒಂದು ಉದಾಹರಣೆ ನೋಡಿ. 2012ರಲ್ಲಿ ಅದೇ ಗೋಮೆಜ್ ಪಿನಿಯಾ ತಂಡ ಇಲಿಗಳಿಗೆ ಮೊದಲು ಐದು ದಿನ ದಾರಿ ಕಲಿಸಿ, ಆಮೇಲೆ ಆರು ವಾರ ಫ್ರಕ್ಟೋಸ್ ಬೆರೆಸಿದ ನೀರು ಕುಡಿಸಿತು. ಆಹಾರದಲ್ಲಿ ಒಮೆಗಾ-3 ಇಲ್ಲದ ಇಲಿಗಳು ದಾರಿಯನ್ನು ಹೆಚ್ಚು ಮರೆತವು. ಅಗಸಿ ಎಣ್ಣೆ ಮತ್ತು ಡಿ.ಎಚ್.ಎ. ಎಂಬ ಒಮೆಗಾ-3 ಕೊಬ್ಬನ್ನು ಪಡೆದವು ಅಷ್ಟು ಮರೆಯಲಿಲ್ಲ. ನಮ್ಮ ಕಡೆ ರೊಟ್ಟಿಯ ಜೊತೆ ಅಗಸಿ ಹಿಂಡಿ ಇದ್ದೇ ಇರುತ್ತದಲ್ಲ, ನನಗೆ ಬಹಳ ಖುಷಿಯಾಯಿತು. ವಾಟ್ಸ್ಯಾಪ್ ಗುಂಪಿನಲ್ಲಿ "ಅಗಸಿ ತಿನ್ರಿ, ನೆನಪು ಹೆಚ್ಚತೈತಿ" ಅಂತ ಹಾಕಲು ಹೊರಟಿದ್ದೆ. ಆಮೇಲೆ ಕೈ ತಡೆಯಿತು. ಆ ಇಲಿಗಳಿಗೆ ಕೊಟ್ಟದ್ದು ಬರೀ ಅಗಸಿ ಅಲ್ಲ, ಡಿ.ಎಚ್.ಎ. ಕೂಡ ಇತ್ತು. ಅಗಸಿಯಲ್ಲಿರುವ ಒಮೆಗಾ-3 ನಮ್ಮ ದೇಹದಲ್ಲಿ ಡಿ.ಎಚ್.ಎ. ಆಗಿ ಬದಲಾಗುವುದು ಬಹಳ ಸ್ವಲ್ಪ. ಅಗಸಿ ಹಿಂಡಿ ಒಳ್ಳೆಯ ಆಹಾರ, ತಿನ್ನಲಿ. ಎಸ್ಸೆಸ್ಸಿಯಲ್ಲಿ ಅಂಕ ಹೆಚ್ಚಾಗುತ್ತದೆ ಅಂತ ಹೇಳಲು ಮಾತ್ರ ನಮ್ಮ ಹತ್ತಿರ ಆಧಾರವಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನೆನಪಿನ ಪುಡಿ, ನೆನಪಿನ ಗುಳಿಗೆ ಅಂತ ಮಾರಲು ಬರುವವರಿಗೂ ಇದೇ ಪ್ರಶ್ನೆ ಕೇಳಬೇಕು: ಯಾರ ಮೇಲೆ ಪರೀಕ್ಷೆ ಮಾಡಿದಿರಿ, ಯಾರ ಜೊತೆ ಹೋಲಿಸಿದಿರಿ?

ತಿರುಗಿಸಿ ಹೇಳುವವರೂ ಇದ್ದಾರೆ. 1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಸಂಗಡಿಗರು ಕಡಿಮೆ ಆಹಾರ ತಿಂದ ಇಲಿಗಳು ಹೆಚ್ಚು ಕಾಲ ಬದುಕಿದವು ಎಂದು ತೋರಿಸಿದರು. ಹಾಗಾದರೆ ಹಸಿವೆಯೇ ಒಳ್ಳೆಯದಲ್ಲವೇ? ಅಲ್ಲ. ಆ ಇಲಿಗಳಿಗೆ ಕಡಿಮೆ ಮಾಡಿದ್ದು ಕ್ಯಾಲರಿ ಮಾತ್ರ. ಪ್ರೋಟೀನ್, ಜೀವಸತ್ವ, ಖನಿಜ ಸಾಕಷ್ಟು ಸಿಗುವಂತೆ ನೋಡಿಕೊಂಡಿದ್ದರು. ಚಹಾ ಮತ್ತು ಚಿಪ್ಸ್ ಮೇಲೆ ದಿನ ಕಳೆಯುವ ಹುಡುಗನಿಗೆ ಕ್ಯಾಲರಿ ಹೇಗೋ ಸ್ವಲ್ಪ ಸಿಗುತ್ತದೆ, ಉಳಿದವೇ ಸಿಗುವುದಿಲ್ಲ. ಎರಡೂ ಒಂದೇ ಅಲ್ಲ, ಒಂದಕ್ಕೊಂದು ವಿರುದ್ಧ.

ಎಲ್ಲಕ್ಕಿಂತ ಮುಖ್ಯವಾಗಿ, ಇಲಿ ಮಗುವಲ್ಲ. ಇಲಿಗೆ ಅಪ್ಪ ಕುಡಿದು ಬರುವ ಚಿಂತೆ ಇಲ್ಲ, ತಂಗಿಯನ್ನು ನೋಡಿಕೊಳ್ಳುವ ಹೊಣೆ ಇಲ್ಲ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ತೊಳಲಾಟ ಇಲ್ಲ. ಇಲಿಯ ಪ್ರಯೋಗ ಹೇಳುವುದು ಹೀಗೂ ಆಗಬಹುದು, ಇಂಥ ದಾರಿಯಲ್ಲಿ ಆಗಬಹುದು ಎಂದು. ಮಕ್ಕಳಲ್ಲಿ ಆಗುತ್ತದೆಯೇ ಎಂದು ತಿಳಿಯಲು ಮಕ್ಕಳನ್ನೇ ನೋಡಬೇಕು.

ಮಕ್ಕಳಲ್ಲಿ ಕಂಡದ್ದು

ಯಾರನ್ನೂ ಹಸಿವಿನಲ್ಲಿ ಇಡದೆ, ಹೆಚ್ಚಿಗೆ ಕೊಟ್ಟು ನೋಡಿದ ಎರಡು ಅಧ್ಯಯನಗಳನ್ನು ಇಲ್ಲಿ ಹೇಳುತ್ತೇನೆ.

ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಎರಡು ಹಳ್ಳಿಗಳಲ್ಲಿ ಪ್ರೋಟೀನ್ ತುಂಬಿದ ಅತೋಲೆ ಎಂಬ ಗಂಜಿ, ಇನ್ನೆರಡರಲ್ಲಿ ಪ್ರೋಟೀನ್ ಇಲ್ಲದ ಸಿಹಿ ಪಾನೀಯ. ದಶಕಗಳ ನಂತರ ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. ಮೂರು ವರ್ಷದೊಳಗೆ ಅತೋಲೆ ಕುಡಿದ ಗಂಡುಮಕ್ಕಳ ತಾಸಿನ ಗಳಿಕೆ ಶೇಕಡಾ 46ರಷ್ಟು ಹೆಚ್ಚಿತ್ತು. ಮೂರು ವರ್ಷ ದಾಟಿದ ಮೇಲೆ ಕುಡಿದವರಲ್ಲಿ ಆ ಲಾಭ ಕಾಣಲಿಲ್ಲ.

ಇನ್ನೊಂದು ಜಮೈಕಾದ್ದು, 1998ರಲ್ಲಿ ಪ್ರಕಟವಾದದ್ದು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದು ಗುಂಪಿಗೆ ಇಡೀ ವರ್ಷ ಮುಂಜಾನೆ ತಿಂಡಿ ಕೊಟ್ಟರು. ಹೋಲಿಕೆಯ ಗುಂಪಿಗೆ ಏನು ಕೊಟ್ಟರು ಗೊತ್ತೇ? ಒಂದು ಕಿತ್ತಳೆಯ ಕಾಲು ಭಾಗ, ಮತ್ತು ಅಷ್ಟೇ ಪ್ರೀತಿಯ ಗಮನ. ಮಕ್ಕಳು ಸುಧಾರಿಸಿದರೆ ಅದು ತಿಂಡಿಯಿಂದಲೋ, ಯಾರೋ ತಮ್ಮನ್ನು ವಿಚಾರಿಸಿಕೊಂಡರು ಎಂಬುದರಿಂದಲೋ ಎಂಬ ಸಂಶಯ ಉಳಿಯಬಾರದು ಎಂದು ಈ ಏರ್ಪಾಡು. ತಿಂಡಿ ತಿಂದ ಗುಂಪಿನ ಹಾಜರಿ ಹೆಚ್ಚಿತು, ಚಿಕ್ಕ ತರಗತಿಯ ಮಕ್ಕಳ ಲೆಕ್ಕ ಸುಧಾರಿಸಿತು. ಲಾಭ ದೊಡ್ಡದಲ್ಲ, ಆದರೆ ಇತ್ತು.

ಈಗ ನಮ್ಮ ಸಹೋದ್ಯೋಗಿ ಕೇಳಬಹುದು: "ಗ್ವಾಟೆಮಾಲಾದಾಗ ಮೂರು ವರ್ಷದ ಮ್ಯಾಲ ಲಾಭ ಇಲ್ಲ ಅಂದ್ರಿ. ಜಮೈಕಾದಾಗ ಸಣ್ಣ ಹುಡುಗ್ರಿಗೆ ಲಾಭ ಅಂದ್ರಿ. ಮತ್ತ ಒಂಬತ್ತನೇ ಹುಡುಗಗ ಖಿಚಡಿ ಯಾಕ ಬೇಕು?" ನ್ಯಾಯವಾದ ಪ್ರಶ್ನೆ. ಇಲ್ಲಿ ಎರಡು ವಿಷಯ ಬೇರೆ ಮಾಡಬೇಕು. ಮೆದುಳು ಕಟ್ಟುವ ಕೆಲಸ ಬೇರೆ, ಕಟ್ಟಿದ ಮೆದುಳು ದಿನದಿನ ನಡೆಯುವ ಕೆಲಸ ಬೇರೆ. ಕಟ್ಟುವ ಕೆಲಸದ ಬಹುಪಾಲು ತಾಯಿಯ ಹೊಟ್ಟೆಯಲ್ಲಿ ಮತ್ತು ಮೊದಲ ಕೆಲವು ವರ್ಷಗಳಲ್ಲಿ ಮುಗಿಯುತ್ತದೆ. ಅಲ್ಲಿ ಆದ ನಷ್ಟವನ್ನು ಹೈಸ್ಕೂಲಿನ ಊಟ ತುಂಬಿಕೊಡಲಾರದು. ವಿನಿಕ್ ಅವರ ಮೊದಲ ಗುಂಪಿನ ಮರಿಗಳು ಹೇಳುವುದು ಇದನ್ನೇ. ಆದರೆ ಅವರ ಕೊನೆಯ ಗುಂಪನ್ನು ನೆನಪಿಡಿ ಅಂದಿದ್ದೆನಲ್ಲ. ಬೆಳೆದ ಮೇಲೆ ಹಸಿದು ಕುಗ್ಗಿದ ಕೋಶ ಮತ್ತೆ ಆಹಾರ ಸಿಕ್ಕಾಗ ಸರಿಹೋಯಿತು. ಮಕ್ಕಳಲ್ಲೂ ಹಾಗೆಯೇ ಇದ್ದರೆ, ಒಂಬತ್ತನೇ ತರಗತಿಯ ಹುಡುಗನ ಮಧ್ಯಾಹ್ನದ ಮಂಕು ಊಟದಿಂದ ತಿದ್ದಬಹುದಾದ ಬಗೆಯದು. ತಿದ್ದಬಹುದಾದದ್ದನ್ನು ತಿದ್ದದೆ ಬಿಟ್ಟು, "ಬುದ್ಧಿ ಇಲ್ಲ" ಅಂತ ಬರೆದರೆ ಅದು ಹುಡುಗನ ತಪ್ಪಲ್ಲ.

ಹುಡುಗಿಯರ ವಿಷಯದಲ್ಲಿ ಮಾತು ಇನ್ನೂ ಗಂಭೀರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇದೆ. ಇಲಿಯ ಕಬ್ಬಿಣದ ಪ್ರಯೋಗವನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಇವತ್ತು ನಮ್ಮ ಹತ್ತನೇ ತರಗತಿಯಲ್ಲಿ ಕೂತ ಹುಡುಗಿ ಕೆಲವು ವರ್ಷದಲ್ಲಿ ತಾಯಿಯಾಗುತ್ತಾಳೆ. ಅವಳ ಮಗುವಿನ ಮೆದುಳಿಗೆ ಬೇಕಾದ ಕಬ್ಬಿಣ ಅವಳ ಮೈಯಿಂದಲೇ ಹೋಗಬೇಕು.

ಕಾನೂನು ಎಂಟಕ್ಕೆ ನಿಲ್ಲುತ್ತದೆ, ಹಸಿವು ನಿಲ್ಲುವುದಿಲ್ಲ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಶಾಲೆಯ ಊಟದ ಹಕ್ಕನ್ನು ಎಂಟನೇ ತರಗತಿಯವರೆಗೆ, ಅಂದರೆ 6ರಿಂದ 14 ವರ್ಷದವರಿಗೆ ಕೊಟ್ಟಿದೆ. ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನಕ್ಕೆ 700 ಕ್ಯಾಲರಿ, 20 ಗ್ರಾಂ ಪ್ರೋಟೀನ್ ಎಂಬುದು ಯೋಜನೆಯ ಅಳತೆ. 14 ದಾಟಿದ ಮರುದಿನ ಆ 20 ಗ್ರಾಂ ಶೂನ್ಯವಾಗುತ್ತದೆ. ಮೈ ಬೆಳೆಯುವ, ಹುಡುಗಿಯರಿಗೆ ಮುಟ್ಟು ಶುರುವಾದ, ಪಾಠ ಗಟ್ಟಿಯಾದ, ಬೋರ್ಡ್ ಪರೀಕ್ಷೆ ಎದುರಿಗಿರುವ ವಯಸ್ಸಿನಲ್ಲೇ ಇದು ಆಗುತ್ತದೆ.

ನಮ್ಮ ಪತ್ರಿಕೆ ಓದುವವರು ಆರೇಳು ರಾಜ್ಯಗಳಲ್ಲಿ ಹಂಚಿಹೋಗಿದ್ದೇವೆ. ಆದ್ದರಿಂದ ಈ ವ್ಯತ್ಯಾಸ ನಮ್ಮಷ್ಟು ಸ್ಪಷ್ಟವಾಗಿ ಯಾರಿಗೂ ಕಾಣಲಿಕ್ಕಿಲ್ಲ. ತಾಳವಾಡಿ, ಹೊಸೂರಿನ ಬಂಧುಗಳ ಶಾಲೆಯಲ್ಲಿ ತಮಿಳುನಾಡು ಸರಕಾರ ಹತ್ತನೆಯವರೆಗೆ ಊಟ ಕೊಡುತ್ತದೆ. ಆದೋನಿ, ರಾಯದುರ್ಗದಲ್ಲಿ ಆಂಧ್ರವೂ, ಆಚೆ ತೆಲಂಗಾಣವೂ ಹತ್ತನೆಯವರೆಗೆ ಕೊಡುತ್ತವೆ. ಕರ್ನಾಟಕದಲ್ಲಿ ಹತ್ತನೆಯವರೆಗೆ ಬಿಸಿಯೂಟ, ಅದರ ಜೊತೆ ಹಾಲು, ಮೊಟ್ಟೆಯೂ ಇವೆ. ಕಾಸರಗೋಡಿನವರೂ ನಾವೂ ಎಂಟಕ್ಕೇ ನಿಂತಿದ್ದೇವೆ. ನಮ್ಮ ಶಾಲೆಯಿಂದ ಗಡಿ ದಾಟಿದರೆ ಮೊದಲು ಸಿಗುವ ಹೈಸ್ಕೂಲಿನಲ್ಲಿ ಅದೇ ಜಾತ್ರೆಗೆ ಹೋಗುವ, ಅದೇ ಭಾಷೆ ಆಡುವ, ಎಷ್ಟೋ ಸಲ ಅದೇ ಬೀಗರ ಮನೆಯ ಮಕ್ಕಳು ಉಂಡು ಪಾಠಕ್ಕೆ ಕೂಡುತ್ತಾರೆ. ಆಗದ ಕೆಲಸವಲ್ಲ ಎಂಬುದಕ್ಕೆ ಅದೇ ಪುರಾವೆ.

ಇಲಿ ಇಲ್ಲದೆ ಇಲಿಯ ಪಾಠ

ಈ ಮಾತುಕತೆಯ ನಡುವೆ ಒಬ್ಬ ಹುಡುಗಿ ವಿಜ್ಞಾನ ಪ್ರದರ್ಶನಕ್ಕೆ, "ಸರ್, ನಾವೂ ಎರಡು ಇಲಿ ಹಿಡದು ಒಂದಕ್ಕ ಚಿಪ್ಸ್, ಒಂದಕ್ಕ ರೊಟ್ಟಿ ಹಾಕಿ ನೋಡೂನೇನ್ರಿ?" ಅಂದಳು. ಬೇಡ ಅಂದೆ. ಪುಸ್ತಕ, ಮಾದರಿ, ಚಿತ್ರಗಳಿಂದ ಕಲಿಸಲು ಸಾಧ್ಯವಿರುವಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ತಪ್ಪಿಸಬೇಕು ಎಂಬ ಆಶಯ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಇದೆ. ಅದಲ್ಲದೆ ಎರಡು ಇಲಿಯಿಂದ ಏನೂ ಗೊತ್ತಾಗುವುದಿಲ್ಲ. ಒಂದು ಹುಟ್ಟಿನಿಂದಲೇ ಚುರುಕಾಗಿರಬಹುದು.

ಬದಲಿಗೆ ಆ ಪ್ರಯೋಗವನ್ನು ಕಾಗದದ ಮೇಲೆ ಮಾಡಿದೆವು. ಎಷ್ಟು ಇಲಿ ಬೇಕು? ಯಾವುದು ಯಾವ ಗುಂಪಿಗೆ ಎಂದು ಹೇಗೆ ತೀರ್ಮಾನಿಸಬೇಕು? ಸಮಯ ಬರೆಯುವವನಿಗೆ ಯಾವ ಇಲಿ ಏನು ತಿಂದಿದೆ ಎಂದು ಗೊತ್ತಿರಬೇಕೋ ಬೇಡವೋ? ಕೊನೆಯ ಪ್ರಶ್ನೆಗೆ ಉತ್ತರವಾಗಿ 1963ರ ಒಂದು ಪ್ರಯೋಗ ಹೇಳಿದೆ. ರಾಬರ್ಟ್ ರೊಸೆಂತಾಲ್ ಮತ್ತು ಕರ್ಮಿಟ್ ಫೋಡ್ ವಿದ್ಯಾರ್ಥಿಗಳ ಕೈಗೆ ಇಲಿ ಕೊಟ್ಟು, ಕೆಲವರಿಗೆ ಇವು ಜಾಣ ಇಲಿಗಳು, ಕೆಲವರಿಗೆ ಇವು ದಡ್ಡ ಇಲಿಗಳು ಎಂದರು. ನಿಜದಲ್ಲಿ ಎಲ್ಲವೂ ಸಾಮಾನ್ಯ ಇಲಿಗಳೇ, ಹೆಸರು ಮಾತ್ರ ಬೇರೆ. ಕೊನೆಗೆ ಜಾಣ ಎಂಬ ಹೆಸರು ಹೊತ್ತ ಇಲಿಗಳೇ ಮುಂದೆ ಬಂದವು.

ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಸ್ಟಾಫ್ ರೂಮಿನಲ್ಲಿ ನಾನೇ ಆಡಿದ "ಹುಡುಗ ಹಾಳಾದ" ಎಂಬ ಮಾತು ನೆನಪಾಯಿತು.

ನನ್ನ ಕೋರಿಕೆ

ಶಿಕ್ಷಕ ಬಂಧುಗಳಲ್ಲಿ ನಾಲ್ಕು ಮಾತು ಕೇಳಿಕೊಳ್ಳುತ್ತೇನೆ.

ಮೊದಲನೆಯದಾಗಿ, ಒಂದು ಮಗು ಕಲಿಕೆಯಲ್ಲಿ ಇದ್ದಕ್ಕಿದ್ದಂತೆ ಹಿಂದೆ ಬಿದ್ದರೆ ಷರಾ ಬರೆಯುವ ಮೊದಲು ಒಂಟಿಯಾಗಿ ಕರೆದು, "ಮುಂಜಾನೆ ಏನ್ ಉಂಡಿ?" ಅಂತ ಕೇಳೋಣ. ಎಲ್ಲರ ಮುಂದೆ ಬೇಡ. ಹಸಿವನ್ನು ಒಪ್ಪಿಕೊಳ್ಳಲು ಈ ವಯಸ್ಸಿನ ಮಕ್ಕಳಿಗೆ ನಾಚಿಕೆ.

ಎರಡನೆಯದಾಗಿ, ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಗುಳಿಗೆಯನ್ನು ಊಟವಾದ ಮೇಲೆ ಕೊಡೋಣ. ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳಸುತ್ತದೆ, ಮುಂದಿನ ವಾರ ಹುಡುಗಿಯರು ಗುಳಿಗೆಯನ್ನು ಕಿಟಕಿಯಿಂದ ಎಸೆಯುತ್ತಾರೆ. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂಬುದನ್ನೂ ತಿಳಿಸಬೇಕು. ಒಂಬತ್ತು, ಹತ್ತರಲ್ಲಿ ಊಟವೇ ಇಲ್ಲ ಎಂಬಲ್ಲಿ ಈ ಗುಳಿಗೆಯೂ ಅರ್ಧ ವ್ಯರ್ಥ.

ಮೂರನೆಯದಾಗಿ, ಸರಕಾರ ಮನಸ್ಸು ಮಾಡುವವರೆಗೆ ಕೈಕಟ್ಟಿ ಕೂಡುವುದು ಬೇಡ. ಪಾಲಕರ ಸಭೆಯಲ್ಲಿ ಮಾತಾಡಿ, ಕಬ್ಬಿನ ಹಂಗಾಮಿನ ತಿಂಗಳುಗಳಲ್ಲಾದರೂ ಡಬ್ಬಿ ತರದ ಮಕ್ಕಳಿಗೆ ಮಟಕಿ ಅಥವಾ ಹೆಸರುಕಾಳಿನ ಉಸುಳಿ, ಒಂದು ಹಿಡಿ ಹುರಿದ ಶೇಂಗಾ, ಬೆಲ್ಲ ಸಿಗುವಂತೆ ಮಾಡಬಹುದು. ನಮ್ಮಲ್ಲಿ ಇಬ್ಬರು ರೈತರು ಶೇಂಗಾ ಚೀಲ ತಂದು ಇಳಿಸಿದರು, ಒಬ್ಬ ಅಂಗಡಿಯವರು ಕಾಳು ಕೊಟ್ಟರು. ತಿಂಡಿಯನ್ನು ಎಲ್ಲರಿಗೂ ಹಂಚುತ್ತೇವೆ, ಬಡವರ ಸಾಲು ಅಂತ ಬೇರೆ ಮಾಡುವುದಿಲ್ಲ.

ನಾಲ್ಕನೆಯದಾಗಿ, ಸಂಘ ಈ ವರ್ಷ ಮಹಾರಾಷ್ಟ್ರ ಮತ್ತು ಕೇರಳ ಸರಕಾರಗಳಿಗೆ ಒಂದೇ ಮನವಿ ಕೊಡಲಿ: ಒಂಬತ್ತು ಮತ್ತು ಹತ್ತನೇ ತರಗತಿಗೂ ಊಟ ವಿಸ್ತರಿಸಬೇಕು. ಕನ್ನಡ ಮಾಧ್ಯಮಕ್ಕೆ ಮಾತ್ರ ಅಲ್ಲ, ಎಲ್ಲ ಮಾಧ್ಯಮದ ಮಕ್ಕಳಿಗೂ. ಪಠ್ಯಪುಸ್ತಕ ತಡವಾಗಿ ಬಂದದ್ದು, ಶಿಕ್ಷಕರ ಹುದ್ದೆ ಖಾಲಿ ಇರುವುದು, ಇವುಗಳ ಬಗ್ಗೆ ನಾವು ಪ್ರತಿ ವರ್ಷ ಬರೆಯುತ್ತೇವೆ. ಬರೆಯಲೇಬೇಕು. ಆ ಪಟ್ಟಿಯಲ್ಲಿ ಊಟವೂ ಇರಲಿ.

ಆ ಹುಡುಗನ ಬಗ್ಗೆ ಹೇಳಿ ಮುಗಿಸುತ್ತೇನೆ. ಉಸುಳಿ, ಶೇಂಗಾ ಶುರುವಾದ ಮೇಲೆ ಮಧ್ಯಾಹ್ನದ ತಾಸಿನಲ್ಲಿ ಅವನು ತಲೆ ಎತ್ತಿ ಕೂಡುತ್ತಾನೆ. ಇದರಿಂದ ಅವನ ನೆನಪು ಸುಧಾರಿಸಿತು ಅಂತ ನಾನು ಬರೆಯುವಂತಿಲ್ಲ. ಇರುವುದು ಒಬ್ಬನೇ ಹುಡುಗ, ಹೋಲಿಸಲು ಇನ್ನೊಂದು ಗುಂಪಿಲ್ಲ. ನಾನು ಅವನನ್ನು ಮೊದಲಿಗಿಂತ ಹೆಚ್ಚು ವಿಚಾರಿಸುತ್ತೇನೆ ಎಂಬುದೂ ಕಾರಣವಿರಬಹುದು. ಮೇಲಾಗಿ ಮಾರ್ಚ್‌ನಲ್ಲಿ ಅವರ ಅವ್ವ ಅಪ್ಪ ಊರಿಗೆ ಬಂದರು. ನಾನು ಖಾತ್ರಿಯಿಂದ ಹೇಳಬಹುದಾದದ್ದು ಇಷ್ಟೇ: ಅವನಿಗೆ ಹಸಿವಾಗಿತ್ತು, ಅದು ಮೂರು ವಾರ ನನಗೆ ಕಾಣಲಿಲ್ಲ, ಆ ಮೂರು ವಾರವೂ ನಾನು ಅವನನ್ನು ದಡ್ಡ ಅಂದುಕೊಂಡಿದ್ದೆ.